ಗಿರಾಕಿಯ ಮೊಳ

ಶಿರಾ ಬಸ್ ಸ್ಟ್ಯಾಂಡಿನ ಎದುರು ಹೂ ಮಾರುವ ಚಿಕ್ಕಲಕ್ಷ್ಮಮ್ಮನಿಗೆ ಮಾತು ಅಂದರೆ ಪ್ರಾಣ. ಬಸ್ಸಿಗೆ ಕಾಯುವ ನಮ್ಮಂಥವರ ಮನೆ ಸಮಾಚಾರವೆಲ್ಲ ಅವಳಿಗೆ ಬಾಯಿಪಾಠ. ದೇವರು ನಾಲಿಗೆಯನ್ನು ಉದ್ದ ಕೊಟ್ಟು ಕೈಯನ್ನು ಮೋಟು ಮಾಡಿಬಿಟ್ಟ. ಹೂವಿನವಳಿಗೆ ಇದೆಂಥ ಅನ್ಯಾಯ ನೋಡಿ! ನಮ್ಮಲ್ಲಿ ಹೂವನ್ನು ಅಳೆಯುವುದು ಮಾರುವವಳ ಮೊಳದಲ್ಲಿ, ಮೊಣಕೈಯಿಂದ ಬೆರಳ ತುದಿವರೆಗೆ.

ಪಕ್ಕದಲ್ಲೇ ಕೂರುವವಳು ಓರಗಿತ್ತಿ ಕೊಲ್ಲಾಪುರಮ್ಮ, ಆ ಸಾಲಿಗೇ ಎತ್ತರದ ಹೆಂಗಸು. ಇಬ್ಬರದೂ ಕಳ್ಳಂಬೆಳ್ಳದ ಒಂದೇ ತೋಟದ ಕಾಕಡ ಮಲ್ಲಿಗೆ, ಒಂದೇ ಜಗಲಿಯಲ್ಲಿ ಕೂತು ಕಟ್ಟಿದ್ದು. ಮೊಳಕ್ಕೆ ಇಪ್ಪತ್ತು ರೂಪಾಯಿ; ಅದಕ್ಕಿಂತ ಇಳಿಸಬಾರದೆಂದು ಹೂವಿನವರೆಲ್ಲ ಸೇರಿ ಮಾಡಿಕೊಂಡ ಕಟ್ಟುಪಾಡು. ಹಾಗಾದರೆ ಯಾರ ಹತ್ತಿರ ಕೊಂಡರೇನು ಅನ್ನುತ್ತೀರಾ? ನಾಲ್ಕು ಬೆರಳು ಹೂವು ಹೆಚ್ಚು ಸಿಗುತ್ತದೆಂದು ಊರಿಗೆ ಊರೇ ಕೊಲ್ಲಾಪುರಮ್ಮನ ಬುಟ್ಟಿಗೆ ಮುಗಿಬಿತ್ತು. ಚಿಕ್ಕಲಕ್ಷ್ಮಮ್ಮನ ಜೊತೆ ಗಂಟೆಗಟ್ಟಲೆ ಹರಟುವ ಅಖ್ತರ್ ಬೇಗಂ ಕೂಡ ಹೂವು ಕೊಳ್ಳುತ್ತಿದ್ದದ್ದು ಆ ಕಡೆ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ನನ್ನ ಹೆಂಡತಿಯೂ ಅಲ್ಲೇ ಕೊಳ್ಳುತ್ತಿದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಈ ಶುಕ್ರವಾರವೂ ಬುಟ್ಟಿ ಖಾಲಿಯಾಗದಿದ್ದರೆ ಜಾಗ ಬಿಟ್ಟು, ತೋಟದಲ್ಲಿ ಹೂ ಬಿಡಿಸುವ ಕೂಲಿಗೆ ಹೋಗುವುದೆಂದು ಚಿಕ್ಕಲಕ್ಷ್ಮಮ್ಮ ತೀರ್ಮಾನಿಸಿದಳು. ಅಲ್ಲಿ ಮಾತಾಡಲು ಗಿಡ ಬಿಟ್ಟರೆ ಯಾರಿದ್ದಾರೆ? ನನಗೆ ಹೇಳುವಾಗ ಅವಳ ಕಣ್ಣು ತುಂಬಿತ್ತು.

ಶುಕ್ರವಾರ ಬೆಳಗ್ಗೆ ಅವಳ ಹೊಸ ಕೂಗು ಕೇಳಿಸಿತು.

"ನನ್ ಕೈ ಬ್ಯಾಡ ಬುಡ್ರವ್ವ. ನಿಮ್ ನಿಮ್ ಮೊಳ್ದಲ್ಲೇ ಅಳ್ಕಳ್ರಿ, ಅದೇ ಇಪ್ಪತ್ತು."

ಹೆಂಗಸರು ಕೈ ಚಾಚಿ ನೋಡಿದರು. ಕೊಲ್ಲಾಪುರಮ್ಮನ ಕೈಗೆ ಯಾರದೂ ಸಾಟಿಯಿಲ್ಲ, ವಾಪಸು ಅಲ್ಲಿಗೇ ಹೋದರು. ಅಖ್ತರ್ ಬೇಗಂಗೆ ಮಾತ್ರ ತಲೆ ಓಡಿತು. ಫೋನ್ ಮಾಡಿ, ಅಂಗಡಿಯಲ್ಲಿದ್ದ ಗಂಡ ಬುಡನ್ ಸಾಬರನ್ನು ಕರೆಸಿದಳು. ಅವರ ಮೊಳ ಕೊಲ್ಲಾಪುರಮ್ಮನದಕ್ಕಿಂತ ಎರಡು ಬೆರಳು ಜಾಸ್ತಿ ಬಂದದ್ದೇ ತಡ, ಹೆಂಗಸರ ಫೋನುಗಳೆಲ್ಲ ಹೊರಬಂದವು. ಮದುವೆಯಾದಂದಿನಿಂದ ಹೆಂಡತಿಗೆ ಒಂದು ಎಸಳೂ ತರದ ಗಂಡಸರು ಅಂಗಿಯ ತೋಳು ಮಡಚಿ ಸಾಲಾಗಿ ನಿಂತರು. ನನ್ನವಳು ನನ್ನ ಕೈಯನ್ನೊಮ್ಮೆ ನೋಡಿ, ಸುಮ್ಮನೆ ತನ್ನ ತಮ್ಮನನ್ನು ಕಳಿಸಿದಳು. ಇರಲಿ ಬಿಡಿ.

ಮಧ್ಯಾಹ್ನಕ್ಕೆ ಕೊಲ್ಲಾಪುರಮ್ಮನ ಮುಂದೆ ಒಬ್ಬ ಗಿರಾಕಿಯೂ ಇಲ್ಲ. ಸಂಜೆ ಆಗುತ್ತ ಬಂದಾಗ ಚಿಕ್ಕಲಕ್ಷ್ಮಮ್ಮನ ಎದುರು ಬಂದು ನಿಂತವನು ಓಬಯ್ಯ, ಕೊಲ್ಲಾಪುರಮ್ಮನ ಗಂಡ. ಕುರಿ ಕಾಯುವ ಆಳು, ಬಾಗದೆ ಯಾವ ಬಾಗಿಲೂ ದಾಟದವನು. ಉಳಿದದ್ದಷ್ಟೂ ಬೇಕು ಅಂದ. ಅಕ್ಕನ ಹತ್ತಿರವೇ ಹೂವಿದೆಯಲ್ಲ ಎಂದು ಇವಳು ಕೇಳಿದ್ದಕ್ಕೆ ಪಾಪ, ನೆಲ ನೋಡಿದ. ಅವನ ಹೆಂಡತಿ ಆಕಾಶ ನೋಡುತ್ತಿದ್ದಳು.

"ಅವ್ಳೇ ಕಳಿಸವ್ಳೆ ಕಣಮ್ಮ. ನನ್ ಮೊಳ್ದಲ್ಲಿ ತಗಂಡು, ಅವ್ಳ ಮೊಳ್ದಲ್ಲಿ ಮಾರ್ತಾಳಂತೆ."

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು, ಕೊಲ್ಲಾಪುರಮ್ಮನೂ ತಡೆಯಲಾರದೆ ನಕ್ಕಳು. ಓಬಯ್ಯ ಕೈ ಚಾಚಿದ. ಅಳೆಯುತ್ತ ಅಳೆಯುತ್ತ ಬುಟ್ಟಿಯ ತಳ ಕಂಡಿತು.

"ನಾಳೆನೂ ಬನ್ನಿ ಬಾವ," ಅಂದಳು ಚಿಕ್ಕಲಕ್ಷ್ಮಮ್ಮ.