ದೊಡ್ಡಮ್ಮ ಪುಸ್ತಕ ಹಿಂತಿರುಗಿಸುವ ವೈಖರಿ

ನಮ್ಮ ದೊಡ್ಡಮ್ಮ ಪುಸ್ತಕ ಹಿಂತಿರುಗಿಸಲು ಬಂದಳೆಂದರೆ ಗ್ರಂಥಾಲಯದಲ್ಲಿ ಕೂತವರೆಲ್ಲ ಪತ್ರಿಕೆ ಮಡಚಿ ಕಿವಿ ನಿಮಿರಿಸುತ್ತಾರೆ. ಕಾದಂಬರಿಯನ್ನು ಮೇಜಿನ ಮೇಲೆ ಕುಕ್ಕಿ, "ಇದ್ರ ನಾಯಕಿ ಮುನ್ನೂರು ಪುಟ ಅತ್ತಿದ್ದಾಳೆ, ಒಂದ್ಸಲಾನಾದ್ರೂ ಗಂಡನ್ನ ಗದರಬಾರ್ದಾ!" ಎನ್ನುತ್ತಾಳೆ. ಅಡುಗೆ ಪುಸ್ತಕ ಬರೆದವನು ಒಲೆ ಮುಂದೆ ನಿಂತವನೇ ಅಲ್ಲವಂತೆ. ಪತ್ತೇದಾರಿ ಕತೆಯ ಕೊಲೆಗಾರ ಯಾರೆಂದು ಎಲ್ಲರೆದುರೇ ಹೇಳಿಬಿಡುತ್ತಾಳೆ. ಕವನಗಳನ್ನು ಮಾತ್ರ ಎದೆಗೊತ್ತಿಕೊಂಡು, "ಒಂದಕ್ಷರ ಅರ್ಥ ಆಗ್ಲಿಲ್ಲ, ಇನ್ನೊಂದು ವಾರ ನನ್ಹತ್ರಾನೇ ಇರ್ಲಿ" ಎನ್ನುತ್ತಾಳೆ. ಅವಳು ಉಗಿದ ಪುಸ್ತಕಕ್ಕೇ ಜನ ಮುಗಿಬೀಳುತ್ತಾರೆ. "ಇಷ್ಟೊಂದು ಬೈಬೇಕಾ, ದೊಡ್ಡಮ್ಮಾ?" ಎಂದು ಕೇಳಿದರೆ, ಹೋದ ವರ್ಷದವರೆಗೂ ಸಹಿಯ ಬದಲು ಶಾಯಿಯಲ್ಲಿ ಅದ್ದಿ ಒತ್ತುತ್ತಿದ್ದ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಹೊಸ ಪುಸ್ತಕದ ಹಾಳೆ ತಿರುವುತ್ತಾ ನಗುತ್ತಾಳೆ: "ಇಷ್ಟು ವರ್ಷ ನಾನು ಇವುಕ್ಕೆ ಹೆದರ್ತಿದ್ದೆ ಕಣೋ. ಈಗ ಇವು ನಂಗೆ ಹೆದರ್ಲಿ!"