ತಮ್ಮನ ಹೆಂಡತಿಯ ಪರೀಕ್ಷೆ

ತಮ್ಮನ ಹೆಂಡತಿಗೆ ಬಿ.ಎ. ಕೊನೆಯ ವರ್ಷದ ಪರೀಕ್ಷೆ. ಅಮ್ಮ ತೀರಿಕೊಂಡ ಮೇಲೆ ಹರಿಹರದ ನನ್ನ ತವರಿನ ಅಡಿಗೆಮನೆ ಅವಳ ಪಾಲಿಗೆ ಬಂದಿತ್ತು. ಹಾಗಾಗಿ ಅಪ್ಪಾಜಿ ನನಗೆ ಫೋನ್ ಮಾಡಿದರು. "ಅಕಿ ಓದ್ಕಬೇಕು. ಪರೀಕ್ಷೆ ಮುಗಿಯೋತನಕ ನೀನು ಬಂದು ಅಡಿಗೆ ನೋಡ್ಕಳವ್ವ."

ಹೋದೆ. ಹೊಟ್ಟೆ ಉರಿಯುತ್ತಲೇ ಹೋದೆ.

ಪಿಯುಸಿ ಮುಗಿದಾಗ ನಾನೂ ದಾವಣಗೆರೆಯ ಕಾಲೇಜಿಗೆ ಸೇರುತ್ತೇನೆಂದು ಊಟ ಬಿಟ್ಟು ಕೂತಿದ್ದೆ. "ದಿನಾ ಬಸ್ನಾಗೆ ಅಷ್ಟು ದೂರ ಹುಡುಗಿ ಓಡಾಡೋದು ಬ್ಯಾಡ" ಎಂದಿದ್ದರು ಇದೇ ಅಪ್ಪಾಜಿ. ಮರುವರ್ಷ ಅದೇ ದಾವಣಗೆರೆಯ ಕೆ.ಬಿ. ಬಡಾವಣೆಗೆ ನನ್ನನ್ನು ಮದುವೆ ಮಾಡಿ ಕೊಟ್ಟರು. ಅಳುತ್ತಿದ್ದವಳಿಗೆ ಆಗ ಹೇಳಿದ್ದು, "ಇಲ್ಲೇ ಮಗ್ಗಲಾಗೇ ಐತೆ ಬಿಡವ್ವ."

ಈಗ ನೋಡಿದರೆ, ಬಾಳೆಹಣ್ಣು ಸುಲಿದು ಕೊಟ್ಟರೆ ಮಾತ್ರ ತಿನ್ನುವ ಮನುಷ್ಯ ಬೆಳಿಗ್ಗೆ ಎದ್ದು ಸೊಸೆಯ ಹಾಲನ್ನು ಲೋಟದಿಂದ ಲೋಟಕ್ಕೆ ಸುರಿದು ಆರಿಸುತ್ತಿದ್ದರು. ಹಾಲ್ ಟಿಕೆಟ್ ತಗೊಂಡೆಯಾ ಎಂದು ಕೇಳಿ ಕೇಳಿ, ಸ್ಕೂಟರ್ ಮೇಲೆ ಕೂರಿಸಿಕೊಂಡು ದಾವಣಗೆರೆ ಬಸ್ಸು ಹತ್ತಿಸಿ ಬರುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಬೇಕಿದ್ದ ಅಪ್ಪ ಅವಳಿಗೆ ಸಿಕ್ಕಿದ್ದರು.

ಅವಳ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಪರೀಕ್ಷೆಯಿಂದ ಬಂದು ಬ್ಯಾಗ್ ಇಟ್ಟವಳೇ ಪಾತ್ರೆ ತೊಳೆಯಲು ನಿಲ್ಲುತ್ತಿದ್ದಳು. "ನೀನು ಓದ್ಕ ಹೋಗವ್ವ, ಅದನ್ನೆಲ್ಲ ಅಕಿ ಮಾಡ್ತಾಳೆ" ಎಂದು ಅಪ್ಪಾಜಿ ಒಳಗೆ ಕಳಿಸುತ್ತಿದ್ದರು. ಅಕಿ ಎಂದರೆ ನಾನು.

ಕೊನೆಯ ಪೇಪರ್ ಮುಗಿದ ಸಂಜೆ ಪಕ್ಕದ ಮನೆಯ ಯಜಮಾನರು ಬಂದು ಕೂತು, ಸೊಸೆಯನ್ನು ಓದಿಸಿದ್ದಕ್ಕೆ ಅಪ್ಪಾಜಿಯನ್ನು ಬಾಯಿ ತುಂಬ ಹೊಗಳಿದರು. ಅಪ್ಪಾಜಿ ಹಿಗ್ಗಿದರು.

"ನಮ್ಮನ್ಯಾಗೆ ಹೆಣ್ಮಕ್ಕಳ ಓದಿಗೆ ಯಾವತ್ತೂ ಅಡ್ಡಿ ಮಾಡಿಲ್ರಿ. ಮಗಳು ಬ್ಯಾರೆ, ಸೊಸೆ ಬ್ಯಾರೆ ಅನ್ನಂಗೇ ಇಲ್ಲ."

ನಾನು ಚಹಾ ಹಿಡಿದು ಅಲ್ಲೇ ನಿಂತಿದ್ದೆ. ಚಹಾದ ತಟ್ಟೆಯನ್ನು ಟೀಪಾಯಿ ಮೇಲಿಟ್ಟೆ.

"ಹಂಗಾರೆ ಅಪ್ಪಾಜಿ, ಈ ವರ್ಷ ನಾನೂ ಬಿ.ಎ. ಕಟ್ತೀನಿ. ಪರೀಕ್ಷೆ ಬಂದಾಗ ನಮ್ಮನಿ ಅಡಿಗೆಗೆ ನೀವು ಬರಬೇಕು."

ಪಕ್ಕದ ಮನೆಯವರು ನಕ್ಕರು. ತಮ್ಮನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಅಪ್ಪಾಜಿ ನಗಲಿಲ್ಲ.

"ನಂಗೆ ರೊಟ್ಟಿ ಬಡಿಯಾಕೆ ಬರಲ್ಲವ್ವ" ಅಂದರು.

"ಕಲೀರಿ" ಅಂದೆ.