ಹಿಂದಿನ ಗೇಟು

ನಮ್ಮ ಬೆಂಗಳೂರಿನ ಫುಟ್‌ಬಾಲ್ ತಂಡ ಹೈದರಾಬಾದಿಗೆ ಆಡಲು ಬಂದಾಗ ಇಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಸಿಗುತ್ತಿದ್ದದ್ದು ಮೂಲೆಯ ಒಂದೇ ಸ್ಟ್ಯಾಂಡ್. ಆ ಟಿಕೆಟ್‌ಗಳನ್ನು ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಹೆಸರು ಕೊಟ್ಟವರಿಗೆ ಹಂಚುತ್ತಿದ್ದೆವು. ಪಟ್ಟಿ ಮಾಡುತ್ತಿದ್ದವನು ನಾನು. ಎರಡು ಸಲ ಟಿಕೆಟ್ ಪಡೆದೂ ಬಾರದವರ ಹೆಸರು ತೆಗೆಯಬೇಕೆಂಬ ನಿಯಮವೂ ನನ್ನದೇ.

ಇಲ್ಲಿನ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕಲಬುರಗಿಯ ಹುಡುಗಿಯೊಬ್ಬಳು ಎರಡು ಸಲವೂ ಕಾಣಲಿಲ್ಲ. ಆಟದ ನಡುವೆ ಅವಳ ಮಿಸ್ಡ್ ಕಾಲ್‌ಗಳಿದ್ದವು. ಏನೋ ನೆಪ ಹೇಳುತ್ತಾಳೆಂದು ನಾನು ತಿರುಗಿ ಮಾಡಲಿಲ್ಲ. ಒಂದು ಸೀಟಿಗೆ ಹತ್ತು ಜನ ಕಾಯುವಾಗ ಇವಳದೇನು ಎಂಬ ಸಿಟ್ಟಿನಲ್ಲಿ ಹೆಸರು ಹೊಡೆದುಹಾಕಿದೆ.

ಮರುವರ್ಷ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ನನ್ನ ಜೆರ್ಸಿ ನೋಡಿ, ವಾಟ್ಸಾಪ್ ಫೋಟೊದ ಮುಖ ಗುರುತಿಸಿ ಅವಳೇ ಹತ್ತಿರ ಬಂದಳು.

"ಪಟ್ಟಿ ಮಾಡೋರು ನೀವ ಅಲ್ರೀ? ನಾ ಎರಡೂ ಸಲ ಬಂದಿದ್ದೆ. ದೊಡ್ಡ ಗೇಟಿನ್ಯಾಗ ಈ ಟಿಕೆಟ್ ನಡಿಯಂಗಿಲ್ಲ ಅಂತ ಒಳಗ ಬಿಡಲಿಲ್ರಿ."

ಹೊರಗಿನ ತಂಡದ ಅಭಿಮಾನಿಗಳಿಗೆ ಹಿಂದಿನ ಗೇಟು. ಹಳಬರಿಗೆಲ್ಲ ಗೊತ್ತಿದ್ದ ಮಾತೆಂದು ನಾನದನ್ನು ಒಮ್ಮೆಯೂ ಬರೆದಿರಲಿಲ್ಲ. ಅದನ್ನು ಈಗ ಅವಳಿಗೆ ಹೇಳಿದೆ. ಅವಳು ನಕ್ಕಳು.

"ಇರ್ಲಿ ಬಿಡ್ರಿ. ಗೋಲ್ ಆದಾಗ ನಿಮ್ಮ ಕೂಗು ಹೊರಗ ಭಾಳ ಛಲೋ ಕೇಳತಿತ್ತು. ಗ್ವಾಡಿ ಹೊರಗ ನಿಂತು ನಾನೂ ನಿಮ್ಮ ಜೋಡಿ ಕೂಗಿದೆ."

ರೈಲು ಬಂತು, ಅವಳು ಹತ್ತಿ ಹೋದಳು.

ಈಗ ನನ್ನ ಪ್ರತಿ ಸಂದೇಶದ ಮೊದಲ ಸಾಲು ಗೇಟಿನದು. ಆದರೂ ನಮ್ಮವರು ಗೋಲು ಹೊಡೆದು ಇಡೀ ಸ್ಟ್ಯಾಂಡ್ ಎದ್ದು ಕೂಗುವಾಗ ನಾನು ಗೋಡೆಯಾಚೆಗೆ ಕಿವಿಗೊಟ್ಟು ನಿಲ್ಲುತ್ತೇನೆ.